ಸಾಹೇಬರ ಪುಸ್ತಕ, ಗಂಗಾಧರಪ್ಪನವರ ಹನ್ನೊಂದು ದಿನ

ಮೊನ್ನೆ ಭಾನುವಾರ ಅಟ್ಟದ ಮೇಲಿಂದ ರೂಮ್ ಹೀಟರ್ ಇಳಿಸಿ ಪ್ಲಗ್ಗಿಗೆ ಹಾಕಿದೆ. ಬೇಸಿಗೆಯಿಡೀ ಕಂಬಿಗಳ ಮೇಲೆ ಕೂತಿದ್ದ ಧೂಳು ಸುಟ್ಟು ಕಮರು ವಾಸನೆ ಎದ್ದಿತು. ನನ್ನ ಮಟ್ಟಿಗೆ ದಿಲ್ಲಿಯ ಚಳಿಗಾಲ ಶುರುವಾಗುವುದು ಈ ವಾಸನೆಯಿಂದಲೇ. ಟಿವಿಯಲ್ಲಿ ಕನ್ನಡ ವಾರ್ತೆ ನೋಡುತ್ತಿದ್ದ ನಮ್ಮ ಮನೆಯವರು ಕಿಟಕಿ ತೆಗೆ ಎಂದರು. ಹೊರಗಿನ ಹೊಗೆಗಿಂತ ಒಳಗಿನದೇ ವಾಸಿ ಎಂದು ನಾನು ತೆಗೆಯಲಿಲ್ಲ. ವಾಸನೆ ಮೂಗಿಗೆ ಬಿದ್ದದ್ದೇ ತಡ, ಎರಡು ವರ್ಷದ ಹಿಂದಿನ ಚಳಿಗಾಲ ಎದುರಿಗೆ ಬಂದು ನಿಂತಿತು. ಗುರುಗ್ರಾಮದ ಹದಿನೇಳನೆಯ ಮಹಡಿ, ಮುರಳೀಧರ್ ಸಾಹೇಬರ ಓದುವ ಕೋಣೆ, ಅವರ ಕಾಲ ಬಳಿ ಉರಿಯುವ ಹೀಟರ್, ನನ್ನ ತೊಡೆಯ ಮೇಲೆ ಶಾರ್ಟ್‌ಹ್ಯಾಂಡ್ ಪುಸ್ತಕ. ಜೊತೆಗೆ ಸಿಟ್ಟೂ ಬಂತು. ಎರಡು ವರ್ಷದಲ್ಲಿ ಅದು ಆರಿಲ್ಲ. ಆರಲಿ ಎಂದು ನಾನೂ ಬಿಟ್ಟಿಲ್ಲ.

ನಾನು ಹೊಸದುರ್ಗದ ಕಡೆಯವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೇಂದ್ರ ಸರಕಾರದ ಪರೀಕ್ಷೆ ಪಾಸು ಮಾಡಿ ಸ್ಟೆನೋಗ್ರಾಫರ್ ಆಗಿ ದಿಲ್ಲಿಗೆ ಬಂದೆ, ಒಂದು ಸಚಿವಾಲಯದಲ್ಲಿ ದುಡಿದು ಪ್ರೈವೇಟ್ ಸೆಕ್ರೆಟರಿಯಾಗಿ ನಿವೃತ್ತಳಾದೆ. ಅಷ್ಟು ವರ್ಷಗಳಲ್ಲಿ ಹದಿನಾಲ್ಕು ವರ್ಷ ಮುರಳೀಧರ್ ಸಾಹೇಬರ ಕೈಕೆಳಗೆ. ಅವರು ಮೈಸೂರಿನವರು, ದೊಡ್ಡ ಅಧಿಕಾರಿ. ಕನ್ನಡದವಳೆಂದು ನನ್ನನ್ನು ಕೇಳಿ ಹಾಕಿಸಿಕೊಂಡಿದ್ದರು. ಅವರು ಹೋದ ವಿಭಾಗಕ್ಕೆಲ್ಲ ನಾನೂ ಹೋದೆ. ಅವರು ಹೇಳಿದ್ದನ್ನು ಬರೆದುಕೊಂಡು, ಟೈಪ್ ಮಾಡಿ, ಸಹಿಗೆ ಇಡುವುದು ನನ್ನ ಕೆಲಸ. ಹೇಳಿದ್ದು ಸರಿಯೋ ತಪ್ಪೋ ನೋಡುವುದು ಸ್ಟೆನೋ ಕೆಲಸವಲ್ಲ ಎಂದು ನನಗೆ ಕಲಿಸಿದ್ದರು, ನಾನೂ ಕಲಿತಿದ್ದೆ.

ಆ ವರ್ಷ ದೀಪಾವಳಿಯ ಮರುವಾರ, ಊರಿಗೆ ಊರೇ ಬೂದಿ ಬಣ್ಣವಾಗಿದ್ದಾಗ, ಅವರ ಫೋನು ಬಂತು. ಸರ್ವೀಸಿನ ನೆನಪುಗಳ ಪುಸ್ತಕ ಬರೆಯುತ್ತಿದ್ದೇನೆ, ನನ್ನ ಕೈಬರಹ ಓದುವುದಕ್ಕೆ ಬರುವುದು ಈ ದೇಶದಲ್ಲಿ ನಿಮಗೊಬ್ಬರಿಗೇ ಎಂದರು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನಿವೃತ್ತಿಯಾಗಿ ಮೂರು ವರ್ಷ ಸೊಪ್ಪು ಸೋಸುತ್ತ ಕೂತವಳಿಗೆ ಮತ್ತೆ ಯಾರಿಗೋ ಬೇಕಾದೆ ಅನ್ನಿಸಿತು. ವಾರಕ್ಕೆ ಮೂರು ದಿನ ರೋಹಿಣಿಯಿಂದ ಮೆಟ್ರೋ ಹತ್ತಿ, ದಿಲ್ಲಿಯ ಈ ತುದಿಯಿಂದ ಆ ತುದಿಗೆ ಹೋಗಿ, ಗುರುಗ್ರಾಮದಲ್ಲಿ ಇಳಿದು, ಗೇಟಿನ ಗಾರ್ಡಿಗೆ ಹೆಸರು ಬರೆಸಿ, ಲಿಫ್ಟಿನಲ್ಲಿ ಹದಿನೇಳನೆಯ ಮಹಡಿಗೆ ಏರುತ್ತಿದ್ದೆ. ಮೇಲಿನಿಂದ ನೋಡಿದರೆ ಕೆಳಗೆ ಊರೇ ಇಲ್ಲ. ಹೊಗೆಯ ಮೇಲೆ ಬೇರೆ ಕಟ್ಟಡಗಳ ತಲೆಗಳು ಮಾತ್ರ ತೇಲುತ್ತಿದ್ದವು. ಕೋಣೆಯ ಮೂಲೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರ ಸದಾ ಗುಂಯ್ ಎನ್ನುತ್ತಿತ್ತು.

ಪುಸ್ತಕವನ್ನೇ ಬರೆಯುವುದು ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಮೊದಲು ಪ್ರಕಾಶಕರಿಗೆ ಪ್ರಪೋಸಲ್ ಕಳಿಸಬೇಕು, ಅವರು ಒಪ್ಪಿದರೆ ಆಮೇಲೆ ಪುಸ್ತಕ. ಕನ್ನಡದಲ್ಲಿ ಪ್ರಸ್ತಾವನೆ ಎಂದರೆ ಮುನ್ನುಡಿ ಎಂದುಕೊಳ್ಳುತ್ತಾರೆ, ಆದ್ದರಿಂದ ಪ್ರಪೋಸಲ್ ಎಂದೇ ಬರೆಯುತ್ತೇನೆ. ಪುಸ್ತಕ ಯಾವುದರ ಬಗ್ಗೆ, ಯಾರು ಓದುತ್ತಾರೆ, ಇಂಥದೇ ಬೇರೆ ಪುಸ್ತಕ ಅಂಗಡಿಯಲ್ಲಿ ಯಾವುವಿವೆ, ಇದು ಅವುಗಳಿಗಿಂತ ಹೇಗೆ ಬೇರೆ, ಬರೆಯುವವರು ಯಾರು, ಪ್ರತಿ ಅಧ್ಯಾಯದಲ್ಲಿ ಏನು ಬರುತ್ತದೆ, ಜೊತೆಗೆ ಮಾದರಿಗೆ ಎರಡು ಅಧ್ಯಾಯ. ಇವೆಲ್ಲ ಸೇರಿ ಒಂದು ಕಟ್ಟು. ಹೆಣ್ಣು ತೋರಿಸುವ ಮೊದಲು ಜಾತಕ ಕಳಿಸಿದ ಹಾಗೆ ಎಂದು ನಾನು ಮನೆಯಲ್ಲಿ ಹೇಳಿದ್ದೆ. ಕೆಲಸ ನನಗೆ ಹಿಡಿಸಿತು. ಸಾಹೇಬರು ಬಾಯಿಗೆ ಬಂದಂತೆ ಹೇಳುತ್ತಿದ್ದರು, ನಾನು ಅದನ್ನು ಅಧ್ಯಾಯಗಳಾಗಿ ಹೊಂದಿಸುತ್ತಿದ್ದೆ. ಹನ್ನೆರಡು ಅಧ್ಯಾಯಗಳ ಸಾರಾಂಶ ಬರೆದವಳು ನಿಜವಾಗಿ ನಾನೇ. ಅವರು ಒಳ್ಳೆಯ ಮಾತಿನ ಮನುಷ್ಯ. ನನ್ನ ಮಂಡಿನೋವು ವಿಚಾರಿಸುತ್ತಿದ್ದರು, ಹನ್ನೊಂದು ಗಂಟೆಗೆ ಕಿತ್ತಳೆ ಬಿಡಿಸಿ ಅರ್ಧ ನನ್ನ ಮುಂದೆ ಇಡುತ್ತಿದ್ದರು. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಮಾದರಿಯ ಎರಡನೆಯ ಅಧ್ಯಾಯ ಒಂದು ನೆರೆಯ ಬಗ್ಗೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಪೂರ್ವದ ಒಂದು ಜಿಲ್ಲೆಯಲ್ಲಿ ನದಿ ಉಕ್ಕಿ, ನಮ್ಮ ವಿಭಾಗದಿಂದ ಆಹಾರಧಾನ್ಯ ಹೋಗಬೇಕಿತ್ತು. ಹಳ್ಳಿಗಳ ಪಟ್ಟಿಯೇನೋ ಬಂದಿತ್ತು. ಆದರೆ ಅದು ಹಳೆಯ ನಕ್ಷೆ ನೋಡಿ ಮಾಡಿದ ಪಟ್ಟಿ. ನದಿ ಪಾತ್ರ ಬದಲಿಸಿ ಎಷ್ಟೋ ವರ್ಷವಾಗಿ ಆಚೆ ದಡದ ಮರಳು ದಿಬ್ಬಗಳಲ್ಲಿ ಕೇರಿಗಳೆದ್ದಿದ್ದವು. ಅವುಗಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ಇಲ್ಲದವರಿಗೆ ಅಕ್ಕಿಯೂ ಇಲ್ಲ. ಆ ತಪ್ಪು ಹಿಡಿದು, ಕೊನೆಗೆ ದೋಣಿಗಳಲ್ಲಿ ಧಾನ್ಯ ಆಚೆ ದಡಕ್ಕೆ ಹೋಗುವಂತೆ ಆದೇಶ ಹೊರಟಿತು. ಆದೇಶಕ್ಕೆ ಸಹಿ ಸಾಹೇಬರದು. ಅದಕ್ಕೆ ಅವರಿಗೆ ಹೊಗಳಿಕೆಯ ಪತ್ರವೂ ಬಂದಿತ್ತು.

ತಪ್ಪು ಹಿಡಿದವರು ಸಾಹೇಬರಲ್ಲ. ಗಂಗಾಧರಪ್ಪ ಎಂಬ ಸೆಕ್ಷನ್ ಆಫೀಸರ್. ಅರಸೀಕೆರೆಯವರು, ಸಣ್ಣ ಆಳು, ಚಳಿಗಾಲದಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಬರುತ್ತಿದ್ದರು. ಅವರು ಪಟ್ಟಿಯನ್ನು ಹೊಸ ನಕ್ಷೆಯ ಪಕ್ಕ ಇಟ್ಟು ನೋಡಿ, ಆಚೆ ದಡ ಪೂರ್ತಿ ಬಿಟ್ಟುಹೋಗಿದೆ ಎಂದು ಫೈಲಿನಲ್ಲಿ ಟಿಪ್ಪಣಿ ಬರೆದರು. ‘ಮಾತಾಡಿ’ ಎಂದು ಸಾಹೇಬರು ಅಂಚಿನಲ್ಲಿ ಬರೆದು ವಾಪಸು ಕಳಿಸಿದರು. ಮಾತಾಡಲು ಬಂದರೆ ಸಾಹೇಬರು ಮೀಟಿಂಗಿನಲ್ಲಿ. ಎರಡನೆಯ ಸಲ ಬರೆದರು. ಆ ಫೈಲು ಸಾಹೇಬರ ಮೇಜಿನ ಎಡಗಡೆಯ ಟ್ರೇಯಲ್ಲಿ ಹನ್ನೊಂದು ದಿನ ಮಲಗಿತು. ದಿನಾ ಬೆಳಗ್ಗೆ ಆ ಟ್ರೇ ಹೊಂದಿಸುತ್ತಿದ್ದವಳು ನಾನು. ಗಂಗಾಧರಪ್ಪ ಈ ಸಲ ಕಾಯಲಿಲ್ಲ, ಫೈಲು ಒಳಗೆ ಕಳಿಸಿದ ದಿನವೇ ರಜೆ ಹಾಕಿದರು. ಎಲ್ಲಿಗೆ ಹೋದರೆಂದು ಯಾರಿಗೂ ಹೇಳಲಿಲ್ಲ. ಹನ್ನೆರಡನೆಯ ದಿನ ಕಾಲಿನ ಬೆರಳುಗಳ ಸಂದಿ ಹುಣ್ಣಾಗಿ, ಚಪ್ಪಲಿಯಲ್ಲಿ ಆಫೀಸಿಗೆ ಬಂದರು. ಕೈಯಲ್ಲಿ ಕೇರಿಗಳ ಪಟ್ಟಿ ಇತ್ತು, ಒಂದೊಂದರಲ್ಲಿ ಎಷ್ಟು ಒಲೆ, ಅಂದರೆ ಎಷ್ಟು ಸಂಸಾರ ಎಂದು ಸಹಿತ. ಅದೇ ವಾರ ಪತ್ರಿಕೆಯೊಂದರಲ್ಲಿ ಆಚೆ ದಡದ ಫೋಟೋ ಬಂದು ಗಲಾಟೆಯಾಯಿತು. ಆಗ ಆ ಪಟ್ಟಿಗೆ ಕಾಲು ಬಂದವು. ಆದೇಶ ಅದರ ಮೇಲೆಯೇ ಹೊರಟಿತು.

ಗಂಗಾಧರಪ್ಪನವರಿಗೆ ಸಿಕ್ಕಿದ್ದು ಮೆಮೊ. ಅನುಮತಿಯಿಲ್ಲದೆ ನೆರೆಪೀಡಿತ ಜಿಲ್ಲೆಗೆ ಹೋದದ್ದಕ್ಕೆ, ಅಲ್ಲಿನ ಸಿಬ್ಬಂದಿಯೊಂದಿಗೆ ನೇರ ವ್ಯವಹರಿಸಿದ್ದಕ್ಕೆ ವಿವರಣೆ ಕೊಡಿ ಎಂದು. ಆಮೇಲೆ ಅವರಿಗೆ ಬಡ್ತಿ ಬರಲಿಲ್ಲ. ಸೆಕ್ಷನ್ ಆಫೀಸರಾಗಿಯೇ ನಿವೃತ್ತರಾಗಿ, ಕೆಲವು ವರ್ಷಕ್ಕೆ ತೀರಿಕೊಂಡರು. ಆ ಮೆಮೊ ಸಾಹೇಬರು ಹೇಳಿದರು, ನಾನು ಟೈಪ್ ಮಾಡಿದೆ.

ಪ್ರಪೋಸಲ್ಲಿನ ಮೊದಲ ಕರಡಿನಲ್ಲಿ ಸಾಹೇಬರು ಈ ಕಥೆಯನ್ನು ‘ನಕ್ಷೆ ನೋಡುತ್ತಿದ್ದಾಗ ನನಗೆ ಹೊಳೆಯಿತು’ ಎಂದು ಹೇಳಿ ಬರೆಸಿದ್ದರು. ನನ್ನ ಪೆನ್ಸಿಲ್ ಒಂದು ಕ್ಷಣ ತಡವರಿಸಿತ್ತು. ದೊಡ್ಡವರು ಕೈಕೆಳಗಿನವರ ಕೆಲಸವನ್ನು ‘ನಾನು’ ಎನ್ನುವುದು ಹೊಸದಲ್ಲ, ಹೋಗಲಿ ಎಂದುಕೊಂಡೆ. ನನ್ನ ಮೊದಲ ತಪ್ಪು ಅದು.

ಜನವರಿ ಮೊದಲ ವಾರ ಪ್ರಕಾಶನದಿಂದ ರಿತಿಕಾ ಎಂಬ ಸಂಪಾದಕಿ ಸಾಹೇಬರ ಮನೆಗೆ ಬಂದಳು. ಮೂವತ್ತರ ಒಳಗಿನ ಹುಡುಗಿ, ಚುರುಕು, ಓದಿಕೊಂಡವಳು. ಹೊರಗೆ ಮಂಜು ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದ ಹಾಗಿತ್ತು. ಅವಳು ನೆರೆಯ ಅಧ್ಯಾಯ ಓದಿ, ಚೆನ್ನಾಗಿದೆ ಸರ್, ಆದರೆ ತುಂಬ ಸಲೀಸಾಗಿ ಆಗಿಹೋಗುತ್ತದೆ ಎಂದಳು. ನಿಮಗೆ ಅಡ್ಡ ಬಂದವರು ಯಾರು, ನೀವು ಯಾರ ಜೊತೆ ಹೋರಾಡಿದಿರಿ, ಓದುವವರಿಗೆ ಒಬ್ಬ ಎದುರಾಳಿ ಬೇಕು ಎಂದಳು. ತಪ್ಪು ಅವಳದ್ದೆಂದು ನಾನು ಹೇಳುವುದಿಲ್ಲ. ಅಡ್ಡ ಬಂದವರು ಇದ್ದರೆ ಬರೆಯಿರಿ ಎಂದಳೇ ಹೊರತು ಇಲ್ಲದವರನ್ನು ಹುಟ್ಟಿಸಿ ಎನ್ನಲಿಲ್ಲ.

ಎರಡು ದಿನ ಬಿಟ್ಟು ಸಾಹೇಬರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ಹೇಳತೊಡಗಿದರು. ನಾನು ಬರೆದುಕೊಂಡೆ. ‘ಫೈಲು ಹನ್ನೊಂದು ದಿನ ನಮ್ಮ ಸೆಕ್ಷನ್ ಆಫೀಸರನ ಮೇಜಿನ ಮೇಲೆ ಕೊಳೆಯಿತು. ನಿಯಮದ ಪುಸ್ತಕದಿಂದ ತಲೆಯೆತ್ತದ ಆಸಾಮಿ. ಆಚೆ ದಡದಲ್ಲಿ ಮಕ್ಕಳು ಹಸಿದು ಅಳುತ್ತಿದ್ದಾಗ ಆತ ಟಿಪ್ಪಣಿಯಲ್ಲಿ ಅಲ್ಪವಿರಾಮ ತಿದ್ದುತ್ತಿದ್ದ. ನಾನು ಅವನ ಕೈಯಿಂದ ಫೈಲು ಕಿತ್ತುಕೊಳ್ಳಬೇಕಾಯಿತು.’ ಅಲ್ಪವಿರಾಮದ ಮಾತು ಅವರಿಗೇ ಹಿಡಿಸಿತು. ಕಣ್ಣು ತೆರೆದು ನನ್ನ ಮುಖ ನೋಡಿ ನಕ್ಕರು.

ನಾನು ಪೆನ್ಸಿಲ್ ಕೆಳಗಿಟ್ಟೆ. ಅವರ ಮುಂದೆ ಹಾಗೆ ಇಟ್ಟದ್ದು ಅದೇ ಮೊದಲು.

“ಸರ್, ಆ ಫೈಲು ಗಂಗಾಧರಪ್ಪನವರ ಮೇಜಿನ ಮೇಲೆ ಇರಲಿಲ್ಲ,” ಎಂದೆ.

“ಮತ್ತೆಲ್ಲಿತ್ತು?”

“ನಿಮ್ಮ ಮೇಜಿನ ಮೇಲೆ. ಎಡಗಡೆ ಟ್ರೇಯಲ್ಲಿ.”

ಅವರು ಸಿಟ್ಟಾಗಲಿಲ್ಲ. ಕಿತ್ತಳೆಯ ಸಿಪ್ಪೆ ಬಿಡಿಸುತ್ತ, ಲಲಿತಾ ಅವರೆ, ಎಷ್ಟು ಹಳೆಯ ಮಾತು, ನಿಮಗೆ ಬೇರೆ ಯಾವುದೋ ಫೈಲಿನ ನೆನಪಿರಬೇಕು ಎಂದರು. ನನಗೆ ಫೈಲಿನ ಬಣ್ಣವೂ ನೆನಪಿದೆ ಎಂದೆ. ಆಗ ಅವರು ಮಗುವಿಗೆ ತಿಳಿಹೇಳುವ ದನಿಯಲ್ಲಿ, “ಹೆಸರೆಲ್ಲಿ ಹಾಕಿದೀನಿ? ಒಬ್ಬ ಸೆಕ್ಷನ್ ಆಫೀಸರ್ ಅಂದಿದೀನಿ, ಅಷ್ಟೆ. ಯಾರಿಗೆ ಗೊತ್ತಾಗುತ್ತೆ?” ಎಂದರು.

ಯಾರಿಗೆ ಗೊತ್ತಾಗುತ್ತೆ. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ನನಗೆ ಗೊತ್ತಾಗುತ್ತದೆ ಎಂಬುದು ಅವರ ಲೆಕ್ಕಕ್ಕೇ ಬರಲಿಲ್ಲ. ಎದುರಿಗೆ ಕೂತು ಬರೆದುಕೊಳ್ಳುವವಳು ಅವರಿಗೆ ಆ ಗುಂಯ್‌ಗುಡುವ ಯಂತ್ರದ ಹಾಗೆ. ಆದರೂ ನಾನು ಏನು ಮಾಡಿದೆ? ಆ ಪುಟಗಳನ್ನು ಟೈಪ್ ಮಾಡಿದೆ. ಮನೆಗೆ ಬಂದು ಪ್ರಪೋಸಲ್ಲಿಗೆ ಸೇರಿಸಿ ರಿತಿಕಾಳಿಗೆ ಮೇಲ್ ಕಳಿಸಿದೆ. ಅಷ್ಟು ವರ್ಷದ ಅಭ್ಯಾಸ ಬೆರಳುಗಳಲ್ಲಿತ್ತು. ಕಳಿಸಿ ಎದ್ದ ಮೇಲೆ ಕೈ ತೊಳೆಯಬೇಕು ಅನ್ನಿಸಿತು.

ಸಂಕ್ರಾಂತಿ ಬಂತು. ರೋಹಿಣಿಯಲ್ಲಿ ನಮ್ಮ ಸೆಕ್ಟರಿನಿಂದ ಎರಡು ಸೆಕ್ಟರ್ ಆಚೆ ಗಂಗಾಧರಪ್ಪನವರ ಹೆಂಡತಿ ಸರೋಜಕ್ಕ ಮಗಳ ಜೊತೆ ಇದ್ದಾರೆ. ಪ್ರತಿ ವರ್ಷ ಎಳ್ಳುಬೆಲ್ಲ ಕೊಡಲು ಹೋಗುತ್ತೇನೆ. ಆ ಸಲ ಕಾಲು ಬರಲೇ ಇಲ್ಲ. ಸಂಜೆ ನಾಲ್ಕಕ್ಕೆ ಹೊರಟೆ, ದಾರಿಯಲ್ಲಿ ಕಡಲೆಕಾಯಿ ಹುರಿಯುವ ಭಯ್ಯಾನ ಗಾಡಿಯ ಮುಂದೆ ಸುಮ್ಮನೆ ನಿಂತೆ, ಮತ್ತೆ ನಡೆದೆ. ಮೂರನೆಯ ಮಹಡಿ ಹತ್ತಿ, ಡಬ್ಬಿ ಕೊಟ್ಟು, ಕೂತು, ಕಾಫಿ ಕುಡಿದು, ಲೋಟ ಕೆಳಗಿಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಸಾಹೇಬರ ಪುಸ್ತಕ, ಪ್ರಪೋಸಲ್, ಹನ್ನೊಂದು ದಿನ, ಅಲ್ಪವಿರಾಮ. ಟೈಪ್ ಮಾಡಿ ಕಳಿಸಿದವಳು ನಾನು ಎಂಬುದನ್ನೂ ಹೇಳಿದೆ. ಹಳೆಯ ಮೆಮೊದ ವಿಷಯಕ್ಕೆ ಮಾತ್ರ ಬಾಯಿ ಬರಲಿಲ್ಲ.

ಮಗಳು ಪಲ್ಲವಿ ಶಾಲೆಯಲ್ಲಿ ಟೀಚರ್. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಮುಖ ಕೆಂಪಾಯಿತು.

“ಪಪ್ಪಾ ಬಗ್ಗೆ ಹೀಗೆ ಕೈಸೇ ಬರೀತಾರೆ ಆಂಟಿ? ಪೂರಾ ಝೂಟ್, ಬರೀ ಸುಳ್ಳು. ನಾನು ಫೇಸ್‌ಬುಕ್ಕಲ್ಲಿ ಹಾಕ್ತೀನಿ, ಸಬ್ ಕೋ ಪತಾ ಚಲೇ, ಎಲ್ಲರಿಗೂ ಗೊತ್ತಾಗಲಿ.”

ಸರೋಜಕ್ಕ ಎದ್ದು ಅಲ್ಮೇರಾದಿಂದ ಒಂದು ಪ್ಲಾಸ್ಟಿಕ್ ಫೈಲು ತಂದರು. ಮೇಲೆ ಆ ಮೆಮೊದ ಪ್ರತಿ ಇತ್ತು. ನಾನು ಬೇರೆ ಕಡೆ ನೋಡಿದೆ. ಕೆಳಗಿದ್ದುದು ಗಂಗಾಧರಪ್ಪನವರ ಉತ್ತರ, ಒಂದೇ ಪುಟ, ಇಂಗ್ಲಿಷಿನಲ್ಲಿ. ಪಲ್ಲವಿ ಓದಿದಳು. ಯಾರೂ ನನಗೆ ಪಟ್ಟಿ ಕೊಡಲಿಲ್ಲ, ಯಾರ ಜೊತೆಗೂ ನಾನು ವ್ಯವಹರಿಸಲಿಲ್ಲ, ನಾನೇ ದೋಣಿಯಲ್ಲಿ ಹೋಗಿ ಒಲೆಗಳನ್ನು ಎಣಿಸಿದೆ, ತಪ್ಪಿದ್ದರೆ ನನ್ನೊಬ್ಬನದೇ ಎಂದು ಬರೆದಿದ್ದರು. ಅದು ನಿಜವಲ್ಲ ಎಂದು ಸರೋಜಕ್ಕ ಹೇಳಿದರು. ಜಿಲ್ಲಾ ಕಚೇರಿಯ ಒಬ್ಬ ಗುಮಾಸ್ತ ದಿನವೂ ಇವರ ಜೊತೆ ದೋಣಿ ಹತ್ತಿದ್ದನಂತೆ. ಅವನಿಗೆ ಸಣ್ಣ ಮಕ್ಕಳಿದ್ದವು, ಅವನ ಹೆಸರು ಬಂದರೆ ಕೆಲಸ ಹೋಗುತ್ತಿತ್ತು. ಇವರು ಅವನ ಹೆಸರು ಹೇಳಲಿಲ್ಲ, ಬಡ್ತಿ ಬಿಟ್ಟರು. ಇವರು ತೀರಿಕೊಂಡಾಗ ಆ ಗುಮಾಸ್ತ ಎರಡು ದಿನ ರೈಲಿನಲ್ಲಿ ಕೂತು ಬಂದು, ವೈಕುಂಠ ಸಮಾರಾಧನೆಯ ಊಟಕ್ಕೆ ಕೂತು, ಅಳುತ್ತಲೇ ಉಂಡು ಹೋದನಂತೆ.

ಇಂಥ ಮನುಷ್ಯನನ್ನು ಅಲ್ಪವಿರಾಮ ತಿದ್ದುತ್ತ ಕೂತಿದ್ದ ಎಂದು ನಾನು ಟೈಪ್ ಮಾಡಿದ್ದೆ.

ಮುಂದಿನ ವಾರ ಆ ಉತ್ತರದ ಝೆರಾಕ್ಸ್ ತೆಗೆದುಕೊಂಡು ಗುರುಗ್ರಾಮಕ್ಕೆ ಹೋದೆ. ಸಾಹೇಬರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟರು. ಪಾಪ, ಒಳ್ಳೆಯ ಮನುಷ್ಯ ಎಂದರು. ಅಷ್ಟಾದ ಮೇಲೆ, “ಆದರೆ ಪುಸ್ತಕಕ್ಕೆ ಅದು ಬೇಕಲ್ಲ. ಆ ಹುಡುಗಿ ಹೇಳಿದ್ದು ನೀವೂ ಕೇಳಿದಿರಿ,” ಎಂದರು.

ಇಲ್ಲಿಯವರೆಗೂ ಸಾಹೇಬರು ಮರೆತಿದ್ದಾರೆ ಎಂದು ನನಗೊಂದು ಸಮಾಧಾನವಿತ್ತು. ವಯಸ್ಸಾಯಿತು, ನೆನಪು ತನಗೆ ಬೇಕಾದ ಹಾಗೆ ಹೊರಳಿದೆ, ಎಲ್ಲರಿಗೂ ಹಾಗೆಯೇ ಎಂದು. ಆ ದಿನ ಆ ಸಮಾಧಾನವೂ ಹೋಯಿತು. ಒಳ್ಳೆಯ ಮನುಷ್ಯ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಕಾಗಿತ್ತು. ಬದುಕಿದ್ದಾಗ ಅವರ ಕೆಲಸ ತೆಗೆದುಕೊಂಡಾಯಿತು, ಸತ್ತ ಮೇಲೆ ಮರ್ಯಾದೆಯೂ ಬೇಕು, ಅದೂ ಒಂದು ಅಧ್ಯಾಯಕ್ಕೆ ರುಚಿ ಬರಲಿ ಎಂದು. ಶಾರ್ಟ್‌ಹ್ಯಾಂಡ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ನಾಳೆಯಿಂದ ಬರುವುದಿಲ್ಲ ಸರ್ ಎಂದೆ. ಮಂಡಿ ನೋವೇ ಎಂದು ಕೇಳಿದರು. ಅಲ್ಲ ಎಂದು ಹೇಳಿ ಹೊರಟೆ.

ಮನೆಗೆ ಬಂದವಳು ಸೀರೆಯೂ ಬದಲಿಸದೆ ರಿತಿಕಾಳಿಗೆ ಮೇಲ್ ಬರೆದೆ. ಮೂರೇ ಸಾಲು. ಎರಡನೆಯ ಮಾದರಿ ಅಧ್ಯಾಯದಲ್ಲಿ ಹೇಳಿದ ಫೈಲು ಆ ಹನ್ನೊಂದು ದಿನ ಲೇಖಕರ ಮೇಜಿನ ಮೇಲೆಯೇ ಇತ್ತು. ಆಗ ನಾನು ಅವರ ಸ್ಟೆನೋ. ಆ ಸೆಕ್ಷನ್ ಆಫೀಸರರ ಮನೆಯವರು ದಿಲ್ಲಿಯಲ್ಲಿಯೇ ಇದ್ದಾರೆ.

ಅವಳು ಮರುದಿನವೇ ಫೋನು ಮಾಡಿದಳು, ಎಲ್ಲ ಕೇಳಿಸಿಕೊಂಡಳು, ಬರೆದುಕೊಂಡಳು. ತಮ್ಮ ವಕೀಲರಿಗೆ ತೋರಿಸುತ್ತೇನೆ ಎಂದಳು. ಕೊನೆಗೆ ದನಿ ತಗ್ಗಿಸಿ, ಆಂಟಿ, ನಿಜ ಹೇಳಬೇಕೆಂದರೆ ನಿಮ್ಮ ಕಥೆಯೇ ಹೆಚ್ಚು ಚೆನ್ನಾಗಿದೆ, ಸ್ಟೆನೋ ಕಂಡ ಸರಕಾರ ಅಂತ ನೀವೇ ಒಂದು ಪ್ರಪೋಸಲ್ ಮಾಡಿ ಎಂದಳು. ಅದರಲ್ಲಿ ಎದುರಾಳಿ ಯಾರು ಎಂದು ಕೇಳಿದೆ. ಸಾಹೇಬರು, ಇನ್ಯಾರು ಎಂದಳು. ನಾನೂ ಆ ಪಕ್ಷದಲ್ಲೇ ಕೂತಿದ್ದೆನಲ್ಲ ಮಗಳೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಫೋನು ಇಟ್ಟೆ.

ವಕೀಲರು ಹೇಳಿದ್ದು ಸರಳ. ಹೆಸರು ಇಲ್ಲದಿದ್ದರೂ ಮನುಷ್ಯ ಯಾರೆಂದು ಗೊತ್ತಾಗುತ್ತದೆ, ಮನೆಯವರಿಂದ ಆಕ್ಷೇಪವಿಲ್ಲ ಎಂಬ ಪತ್ರ ತನ್ನಿ. ಫೆಬ್ರುವರಿ ಕೊನೆಗೆ ಸಾಹೇಬರ ಫೋನು ಬಂತು. ನನ್ನ ಮೇಲೆ ಕೋಪ ತೋರಿಸಲಿಲ್ಲ. ಒಂದು ಸಹಿ ಬೇಕಿತ್ತು, ನೀವು ಆ ಮನೆಯವರಿಗೆ ಪರಿಚಯ, ಸ್ವಲ್ಪ ಹೇಳಿ ಎಂದರು. ಆ ಧೈರ್ಯಕ್ಕೆ ನಾನು ಏನು ಹೇಳಲಿ. ಸರೋಜಕ್ಕನಿಗೆ ಹೋಗಿ ಹಾಗೆಯೇ ಒಪ್ಪಿಸಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸದೆ ಹೇಳಿದರು:

“ಬರಲಿ. ಅವರು ಬರೆದದ್ದನ್ನ ನನ್ನೆದುರಿಗೆ ಕೂತು ಓದಲಿ. ಇಂಗ್ಲಿಷ್ ನನಗೆ ಬರಲ್ಲ, ಕನ್ನಡದಲ್ಲಿ ಹೇಳಲಿ. ಆಮೇಲೆ ಸಹಿ ವಿಷಯ.”

ಬರಲಾರರು ಎಂದುಕೊಂಡಿದ್ದೆ. ಬಂದರು. ಮಾರ್ಚ್ ಮೊದಲ ವಾರದ ಒಂದು ಬೆಳಗ್ಗೆ, ಮಂಜೆಲ್ಲ ಹೋಗಿ ಬಿಸಿಲು ಹಿತವಾಗಿದ್ದ ದಿನ. ಕಾರು ಕೆಳಗೆ ನಿಲ್ಲಿಸಿ, ಲಿಫ್ಟಿಲ್ಲದ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು. ಕೈಯಲ್ಲಿ ಸಿಹಿ ಡಬ್ಬಿ. ಸರೋಜಕ್ಕ ಬನ್ನಿ ಎಂದು ಕೂರಿಸಿ ನೀರು ಕೊಟ್ಟರು. ಸಿಹಿ ಡಬ್ಬಿಯನ್ನು ತೆರೆಯಲಿಲ್ಲ. ಪಲ್ಲವಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಾನು ಗೋಡೆ ಬದಿಯ ಸ್ಟೂಲಿನ ಮೇಲೆ.

ಸಾಹೇಬರು ಕಾಗದ ಬಿಡಿಸಿದರು. ನಕ್ಷೆಯ ಭಾಗ, ನದಿಯ ಭಾಗ, ಅದನ್ನೆಲ್ಲ ಚೆನ್ನಾಗಿಯೇ ಹೇಳಿದರು. ಅವರ ಮೈಸೂರು ಕನ್ನಡ ಮೊದಲಿಂದಲೂ ಸೊಗಸು. ಮೂರನೆಯ ಪುಟಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡರು. “ಆಮೇಲೆ... ಫೈಲು ಕೆಲವು ದಿನ ಸೆಕ್ಷನ್ನಲ್ಲಿ ನಿಧಾನ ಆಯ್ತು. ನಮ್ಮ ಗಂಗಾಧರಪ್ಪನವರು ನಿಯಮ ಬಹಳ ನೋಡ್ತಿದ್ರು, ಅದಕ್ಕೆ ಸ್ವಲ್ಪ ತಡ...” ಎಂದರು.

ಇಂಗ್ಲಿಷಿನಲ್ಲಿ ಕಣ್ಣು ಮುಚ್ಚಿಕೊಂಡು ಸರಾಗವಾಗಿ ಹೇಳಿದ್ದ ಸಾಲುಗಳು, ಆ ಮನುಷ್ಯನ ಹೆಂಡತಿಯ ಎದುರು, ಅವಳ ಭಾಷೆಯಲ್ಲಿ ಬಾಯಿಂದ ಹೊರಡಲಿಲ್ಲ. ಅಲ್ಲಿ ‘ಆಸಾಮಿ’ ಆಗಿದ್ದವರು ಇಲ್ಲಿ ‘ನಮ್ಮ ಗಂಗಾಧರಪ್ಪನವರು’ ಆದರು. ಅಲ್ಲಿ ಕೊಳೆತ ಫೈಲು ಇಲ್ಲಿ ಸ್ವಲ್ಪ ತಡವಾಯಿತು.

ಡಿಕ್ಟೇಶನ್ ಮುಗಿದ ಮೇಲೆ ಬರೆದದ್ದನ್ನು ತಿರುಗಿ ಓದಿ ಹೇಳುವುದು ನಮ್ಮ ಕೆಲಸದ ಅರ್ಧ. ನಾನು ಕೂತಲ್ಲಿಂದಲೇ ಹೇಳಿದೆ.

“ಸರ್, ಅಲ್ಲಿ ಹಾಗಿಲ್ಲ. ಫೈಲು ಹನ್ನೊಂದು ದಿನ ಆತನ ಮೇಜಿನ ಮೇಲೆ ಕೊಳೆಯಿತು ಅಂತಿದೆ. ಮಕ್ಕಳು ಹಸಿದು ಅಳುತ್ತಿದ್ದಾಗ ಆತ ಅಲ್ಪವಿರಾಮ ತಿದ್ದುತ್ತಿದ್ದ ಅಂತಿದೆ. ನಾನು ಅವನ ಕೈಯಿಂದ ಕಿತ್ತುಕೊಂಡೆ ಅಂತಿದೆ.”

ಕೆಳಗೆ ತರಕಾರಿಯವನು ಕೂಗುತ್ತ ಹೋದ. ಸಾಹೇಬರು ನನ್ನ ಕಡೆ ನೋಡಲಿಲ್ಲ, ಕಾಗದವನ್ನೇ ನೋಡುತ್ತಿದ್ದರು. ಸರೋಜಕ್ಕ ಸೆರಗು ಹೊದ್ದು ನೆಟ್ಟಗೆ ಕೂತರು.

“ಆ ಹನ್ನೊಂದು ದಿನ ಅವರು ಆಫೀಸಲ್ಲೂ ಇರಲಿಲ್ಲ, ಮನೇಲೂ ಇರಲಿಲ್ಲ,” ಎಂದರು. “ಇವಳಿಗೆ ಟೈಫಾಯ್ಡ್ ಆಗಿತ್ತು. ನಾನೊಬ್ಬಳೇ ಆಸ್ಪತ್ರೆಗೆ ಎತ್ಕೊಂಡು ಓಡಾಡಿದೆ. ನಿಮಗೆ ಬೇರೆಯವರ ಮಕ್ಕಳೇ ಹೆಚ್ಚಾದ್ರಾ ಅಂತ ಬಂದ ಮೇಲೆ ಜಗಳ ಆಡಿದೆ. ಹೌದು, ಅವು ಹಸಿದಿದ್ವು ಅಂದ್ರು. ನಾನು ಅದನ್ನ ಕ್ಷಮಿಸೋಕೆ ವರ್ಷಗಟ್ಟಲೆ ಬೇಕಾಯ್ತು. ನೀವು ಈಗ ಬಂದು ಅವರು ಅಲ್ಲಿಗೆ ಹೋಗೇ ಇಲ್ಲ ಅಂತೀರಿ.”

ಪಲ್ಲವಿಗೆ ಇದು ಗೊತ್ತಿರಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಸಾಹೇಬರು ಕಾಗದ ಮಡಿಸಿದರು. ಈ ಭಾಗ ತೆಗೆಸಿಬಿಡುತ್ತೇನೆ, ನಿಮಗೆ ಬೇಜಾರಾಗುವುದಿದ್ದರೆ ಎಂದರು. ಬೇಜಾರಾಗುವುದಿದ್ದರೆ. ತಪ್ಪಾಯಿತು ಎಂಬ ಒಂದು ಮಾತಿಗೆ ಕನ್ನಡದಲ್ಲಿ ಎಷ್ಟು ಅಕ್ಷರ? ಅದು ಅವರ ಬಾಯಲ್ಲಿ ಬರಲಿಲ್ಲ. ತೆಗೆಯುವುದಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಎಂದು ಸರೋಜಕ್ಕ ಕೇಳಿದರು. ನೋಡೋಣ ಎಂದು ಹೇಳಿ ಸಾಹೇಬರು ಎದ್ದರು. ಸಹಿಯಾಗದ ಪತ್ರವನ್ನು ಜೇಬಿಗೆ ಹಾಕಿಕೊಂಡು ಇಳಿದು ಹೋದರು. ‘ನೋಡೋಣ’ ಎಂದರೆ ಏನೆಂದು ಅವರ ಆಫೀಸಿನಲ್ಲಿ ಹದಿನಾಲ್ಕು ವರ್ಷ ಕೂತವಳಿಗೆ ಗೊತ್ತು.

ಪಲ್ಲವಿ ಶಾಲೆಗೆ ಹೊರಟ ಮೇಲೆ ನಾವಿಬ್ಬರೇ ಉಳಿದೆವು. ಇನ್ನು ಹೇಳದಿದ್ದರೆ ನನಗೂ ಸಾಹೇಬರಿಗೂ ಏನು ವ್ಯತ್ಯಾಸ ಅನ್ನಿಸಿತು. ಸರೋಜಕ್ಕ, ಆ ಮೆಮೊ ಟೈಪ್ ಮಾಡಿದವಳು ನಾನೇ ಎಂದೆ. ಇಷ್ಟು ವರ್ಷ ನಿಮ್ಮ ಮನೆಯ ಕಾಫಿ ಕುಡಿದು ಹೇಳದೆ ಹೋದೆ ಎಂದೆ.

“ಗೊತ್ತು ಕಣೇ,” ಎಂದರು. “ಕೆಳಗೆ ಎಡಗಡೆ, ಟೈಪ್ ಮಾಡಿದವರ ಜಾಗದಲ್ಲಿ, ನಿನ್ನ ಇನಿಶಿಯಲ್ ಇತ್ತಲ್ಲ. ಬಂದ ದಿನವೇ ಅವರು ತೋರಿಸಿದ್ರು.”

ಏನೆಂದರು ಎಂದು ಕೇಳಿದೆ.

“ಒಂದೂ ತಪ್ಪಿಲ್ಲದ ಹಾಗೆ ಟೈಪ್ ಮಾಡಿದಾಳೆ ಅಂದ್ರು.”

ಅದು ಮೆಚ್ಚುಗೆಯೋ, ಚುಚ್ಚು ಮಾತೋ, ಬರೀ ಆಫೀಸಿನವರ ಕಣ್ಣಿಗೆ ಬಿದ್ದ ಸಂಗತಿಯೋ, ಸರೋಜಕ್ಕನಿಗೂ ಗೊತ್ತಿರಲಿಲ್ಲ. ನನಗೂ ಇವತ್ತಿಗೂ ಗೊತ್ತಿಲ್ಲ. ಅವರಿದ್ದಿದ್ದರೆ ಕೇಳುತ್ತಿದ್ದೆ.

ಪುಸ್ತಕ ಮರುವರ್ಷದ ಜನವರಿಯಲ್ಲಿ ಬಂತು. ದಪ್ಪ ರಟ್ಟು, ಮೇಲೆ ಸಾಹೇಬರ ಫೋಟೋ. ಚಾಣಕ್ಯಪುರಿಯ ಒಂದು ಸಭಾಂಗಣದಲ್ಲಿ ಬಿಡುಗಡೆಯಾಯಿತೆಂದು ಕೇಳಿದೆ. ನಾನು ಹೋಗಲಿಲ್ಲ, ಅಂಗಡಿಯಲ್ಲಿ ಕೊಂಡೆ. ನೆರೆಯ ಅಧ್ಯಾಯವೇ ಇರಲಿಲ್ಲ. ‘ಆ ವರ್ಷದ ನೆರೆ ಪರಿಹಾರ ಕಾರ್ಯವನ್ನು ತೃಪ್ತಿಕರವಾಗಿ ನಿರ್ವಹಿಸಿದೆ’ ಎಂಬ ಒಂದು ಸಾಲು ಮಾತ್ರ ಇತ್ತು. ಎದುರಾಳಿಯೂ ಇಲ್ಲ, ಆಚೆ ದಡವೂ ಇಲ್ಲ, ಒಲೆಗಳೂ ಇಲ್ಲ. ಸುಳ್ಳು ಹೋಯಿತು ಎಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಸುಳ್ಳಿನ ಜೊತೆ ನಿಜವನ್ನೂ ಹೊರಗೆ ಹಾಕಿದರೆ ಅದು ಯಾವ ಸೀಮೆಯ ನ್ಯಾಯ?

ಕೊನೆಯ ಪುಟದಲ್ಲಿ ಕೃತಜ್ಞತೆಗಳು. ಮಂತ್ರಿಗಳು, ಕಾರ್ಯದರ್ಶಿಗಳು, ಹೆಂಡತಿ, ಮಕ್ಕಳು, ಆಮೇಲೆ ನಾನು. ‘ನನ್ನ ಮಾತುಗಳನ್ನು ಎಂದೂ ಪ್ರಶ್ನಿಸದೆ ನಿಷ್ಠೆಯಿಂದ ಬರೆದುಕೊಂಡ ಲಲಿತಾ ಅವರಿಗೆ.’ ಅಂಗಡಿಯಲ್ಲೇ ನಿಂತು ಓದಿದೆ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಅವಮಾನ ಮಾಡಿರಲಿಲ್ಲ. ಎಂದೂ ಪ್ರಶ್ನಿಸದೆ.

ಪ್ರಕಾಶನಕ್ಕೆ ಪತ್ರ ಬರೆದೆ. ಮುಂದಿನ ಮುದ್ರಣದಲ್ಲಿ ನನ್ನ ಹೆಸರು ತೆಗೆಯಿರಿ, ಆ ಜಾಗದಲ್ಲಿ ಗಂಗಾಧರಪ್ಪನವರ ಹೆಸರು ಹಾಕಿ, ಅವರು ಏನು ಮಾಡಿದರು ಎಂದು ಎರಡು ಸಾಲು ನಾನೇ ಕಳಿಸುತ್ತೇನೆ ಎಂದೆ. ರಿತಿಕಾ ಮರ್ಯಾದೆಯಿಂದ ಉತ್ತರ ಬರೆದಳು. ಅದಕ್ಕೆ ಲೇಖಕರ ಒಪ್ಪಿಗೆ ಬೇಕು. ಲೇಖಕರಿಗೆ ಬರೆದೆ. ಉತ್ತರವಿಲ್ಲ. ಸರಕಾರಿ ಕಚೇರಿಯಲ್ಲಿ ತಲೆ ನರೆದವಳಿಗೆ ಉತ್ತರ ಬಾರದ ಪತ್ರಕ್ಕೆ ಏನು ಮಾಡಬೇಕೆಂದು ಯಾರೂ ಕಲಿಸಬೇಕಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಒಂದು ರಿಮೈಂಡರ್ ಕಳಿಸುತ್ತೇನೆ. ಮೇಲ್ ಅಲ್ಲ, ಕಾಗದದಲ್ಲಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಸಾಹೇಬರೇ ಸಹಿ ಹಾಕಿ ಬಿಡಿಸಿಕೊಳ್ಳುವ ಹಾಗೆ. ಈ ತಿಂಗಳು ಹತ್ತನೆಯದು ಹೋಯಿತು. ಮೊದಲ ಒಂಬತ್ತು ಇಂಗ್ಲಿಷಿನಲ್ಲಿದ್ದವು, ಇದನ್ನು ಕನ್ನಡದಲ್ಲಿ ಬರೆದೆ.